ಸೂಜಿಯೂ ಕಡಾಯಿಯೂ: ಅಮೆರಿಕದಲ್ಲಿ ಅಲ್ಪಾವಧಿಯ ವೃತ್ತಿಶಿಕ್ಷಣಕ್ಕೆ ರಾಜ್ಯದ್ರವ್ಯ

ಸಂಸ್ಕೃತ ಪಾಠಶಾಲೆಯಲ್ಲಿ ನಾಲ್ಕು ದಿನ ಕುಳಿತವರಿಗೂ ಸೂಚೀಕಟಾಹನ್ಯಾಯವು ತಿಳಿದೇ ಇರುವುದು. ಕಮ್ಮಾರನೊಬ್ಬನ ಬಳಿಗೆ ಒಬ್ಬನು ಬಂದು ಕಡಾಯಿಯೊಂದನ್ನು ಮಾಡಿಕೊಡಬೇಕೆಂದು ಕೇಳಿದನು. ಅವನ ಬೆನ್ನಿಗೇ ಮತ್ತೊಬ್ಬನು ಬಂದು ಸೂಜಿಯನ್ನು ಕೇಳಿದನು. ಕಡಾಯಿಗೆ ಬಹುಕಾಲ ಹಿಡಿಯುವುದು, ಸೂಜಿಗೆ ಸ್ವಲ್ಪ ಹೊತ್ತು ಸಾಕು. ಆದುದರಿಂದ ಕಮ್ಮಾರನು ಹಿಂದೆ ಬಂದವನ ಸೂಜಿಯನ್ನೇ ಮೊದಲು ಮುಗಿಸಿಕೊಟ್ಟು ಅನಂತರ ಕಡಾಯಿಗೆ ಕೈಹಾಕಿದನು. ಶಾಸ್ತ್ರಕಾರರು ಅಲ್ಪವಾದ ವಿಷಯವನ್ನು ಮೊದಲು ಹೇಳಿ, ವಿಸ್ತಾರವಾದುದನ್ನು ಆಮೇಲೆ ಎತ್ತಿಕೊಳ್ಳುವಾಗ ಈ ನ್ಯಾಯವನ್ನು ಸ್ಮರಿಸುವರು.

ಜನರ ವಿದ್ಯಾಭ್ಯಾಸಕ್ಕೆ ದ್ರವ್ಯಸಹಾಯ ಮಾಡಹೊರಟ ರಾಜ್ಯಗಳಾದರೋ ಬಹುಮಟ್ಟಿಗೆ ಈ ನ್ಯಾಯವನ್ನು ತಿರುಗುಮುರುಗು ಮಾಡಿವೆ. ನಾಲ್ಕು ವರ್ಷ ಓದಿ ಪದವಿ ಪಡೆಯಬಯಸುವವನಿಗೆ ಬೊಕ್ಕಸದ ಬಾಗಿಲು ತೆರೆದಿರುವುದು. ಹತ್ತು ಹನ್ನೆರಡು ವಾರಗಳಲ್ಲಿ ಒಂದು ಕೈಕೆಲಸವನ್ನು ಕಲಿತು ಮನೆಯವರಿಗೆ ಅನ್ನ ಹಾಕಬೇಕೆಂಬುವನು ಮಾತ್ರ ಹೊರಗೆ ನಿಂತಿರುವನು. ಮೂವತ್ತಕ್ಕೂ ಮೇಲ್ಪಟ್ಟ ವರ್ಷಗಳು ಉಪಾಧ್ಯಾಯವೃತ್ತಿಯಲ್ಲಿದ್ದ ನಾನು, ಬುದ್ಧಿಯಲ್ಲಿ ಕಡಮೆಯಿಲ್ಲದೆ ಕೇವಲ ಕಾಲಾವಕಾಶವಿಲ್ಲದೆ ಓದು ಬಿಟ್ಟ ಹುಡುಗರನ್ನು ಎಷ್ಟೋ ಮಂದಿ ಕಂಡಿದ್ದೇನೆ. ಅಂತಹವರಿಗೆ ರಾಜ್ಯವು ನೆರವಾಗಬಾರದೇಕೆ ಎಂಬ ಪ್ರಶ್ನೆ ಸಹಜವಾದುದು. ಈ ಪ್ರಶ್ನೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಎಂಬತ್ತು ವರ್ಷಗಳಲ್ಲಿ ಒಂದಾದಮೇಲೊಂದರಂತೆ ಕೊಟ್ಟ ಉತ್ತರಗಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು. ಒಳ್ಳೆಯ ಉದ್ದೇಶವೊಂದು ಎಷ್ಟು ಬಗೆಯಲ್ಲಿ ಕೆಡಬಲ್ಲದು, ಅದನ್ನು ಕೆಡದಂತೆ ಕಟ್ಟಿದ ಬೇಲಿಯೇ ಹೇಗೆ ಬಡವನ ಕಾಲಿಗೆ ಮುಳ್ಳಾಗಬಲ್ಲದು ಎಂಬುದು ಅದರಲ್ಲಿ ಚೆನ್ನಾಗಿ ಕಾಣುವುದು.

ವಿದ್ಯೆಗೆ ನೆರವು ಕೊಡುವುದರಲ್ಲಿ ಎರಡು ಮಾರ್ಗಗಳುಂಟು. ಗುರುವಿಗೂ ಮಠಕ್ಕೂ ಭೂಮಿಕಾಣಿಗಳನ್ನು ಬಿಟ್ಟು, ಬಂದವರಿಗೆ ಪಾಠ ಹೇಳಿಸುವುದು ಒಂದು. ವಾರಾನ್ನದ ಪದ್ಧತಿಯಲ್ಲಿ ನಮ್ಮ ಗೃಹಸ್ಥರು ಮಾಡುತ್ತಿದ್ದಂತೆ ವಿದ್ಯಾರ್ಥಿಗೇ ಅನ್ನವಿಟ್ಟು, ಅವನು ತನಗೆ ಬೇಕಾದ ಗುರುವಿನಲ್ಲಿ ಓದಲೆಂದು ಬಿಡುವುದು ಇನ್ನೊಂದು. ಅಮೆರಿಕದವರು ಮೊದಲು ಹಿಡಿದುದು ಮೊದಲನೆಯ ಮಾರ್ಗವನ್ನು. ೧೮೬೨ ರಲ್ಲಿ ಲಿಂಕನ್ನರು ಸಹಿ ಮಾಡಿದ ಮಾರಿಲ್ ಶಾಸನದಿಂದ ಪ್ರತಿಯೊಂದು ಸಂಸ್ಥಾನಕ್ಕೂ ಭೂಮಿಯನ್ನು ಕೊಟ್ಟು, ಅದರ ಉತ್ಪನ್ನದಿಂದ ವ್ಯವಸಾಯ ಮತ್ತು ಯಂತ್ರಶಿಲ್ಪಗಳನ್ನು ಕಲಿಸುವ ಕಾಲೇಜುಗಳನ್ನು ಸ್ಥಾಪಿಸುವ ಏರ್ಪಾಡಾಯಿತು. ೧೯೧೭ ರ ಸ್ಮಿತ್-ಹ್ಯೂಸ್ ಶಾಸನವು ಕಾಲೇಜಿಗಿಂತ ಕೆಳಗಿನ ಶಾಲೆಗಳಲ್ಲಿ ಬೇಸಾಯ, ಕೈಗಾರಿಕೆ, ಗೃಹಕೃತ್ಯಗಳನ್ನು ಬೋಧಿಸುವ ಉಪಾಧ್ಯಾಯರ ಸಂಬಳಕ್ಕೆ ಕೇಂದ್ರ ಸರ್ಕಾರದ ಹಣವನ್ನು ಒದಗಿಸಿತು. ಈ ಎರಡರಲ್ಲಿಯೂ ಹಣವು ಸಂಸ್ಥೆಗೆ ಹೋಯಿತೇ ಹೊರತು ವಿದ್ಯಾರ್ಥಿಯ ಹೆಸರಿಗೆ ಬರಲಿಲ್ಲ.

ಎರಡನೆಯ ಮಾರ್ಗವು ವಿಶಾಲವಾಗಿ ತೆರೆದುದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ೧೯೪೪ ರ ಜೂನ್ ೨೨ ರಂದು ರೂಸ್‌ವೆಲ್ಟರು ಯುದ್ಧದಿಂದ ಮರಳುವ ಸೈನಿಕರ ಪುನರ್ವಸತಿಯ ಶಾಸನಕ್ಕೆ ಸಹಿ ಮಾಡಿದರು. ಜನರು ಇದನ್ನು ಜಿ. ಐ. ಮಸೂದೆಯೆಂದು ಕರೆದರು. ಸೈನಿಕನು ಕಾಲೇಜನ್ನಾಗಲಿ ವೃತ್ತಿಶಾಲೆಯನ್ನಾಗಲಿ ಸೇರಬಹುದು. ವರ್ಷಕ್ಕೆ ೫೦೦ ಡಾಲರುಗಳವರೆಗೆ ಅವನ ಶುಲ್ಕವನ್ನು ಸರ್ಕಾರವೇ ನೇರವಾಗಿ ಶಾಲೆಗೆ ಕಟ್ಟುವುದು. ಜೀವನಕ್ಕೆಂದು ಒಂಟಿಯಾದವನಿಗೆ ತಿಂಗಳಿಗೆ ೫೦ ಡಾಲರು, ಕುಟುಂಬಸ್ಥನಿಗೆ ೭೫ ಡಾಲರು ದೊರೆಯುವುದು. ಸೇವೆ ಮಾಡಿದ ಕಾಲಕ್ಕೆ ತಕ್ಕಂತೆ ಈ ಹಕ್ಕು ಹೆಚ್ಚೆಂದರೆ ನಾಲ್ಕು ವರ್ಷ ನಡೆಯುವುದು.

ಶಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ರಾಬರ್ಟ್ ಹಚಿನ್ಸರಂತಹ ಪಂಡಿತರು, ಈ ಶಾಸನದಿಂದ ವಿಶ್ವವಿದ್ಯಾನಿಲಯಗಳು ಕೆಲಸವಿಲ್ಲದವರ ಬೀಡಾಗುವುವೆಂದು ಭಯಪಟ್ಟರು. ನಡೆದುದೇ ಬೇರೆ. ಕಾಲೇಜುಗಳನ್ನು ಸೇರಿದ ಸೈನಿಕರು ಶ್ರದ್ಧೆಯಿಂದ ಓದಿ ಕೀರ್ತಿ ಪಡೆದರು. ಕೇಡು ಮೊಳೆತುದು ಯಾರೂ ಅಷ್ಟಾಗಿ ಗಮನಿಸದ ವೃತ್ತಿಶಾಲೆಗಳಲ್ಲಿ. ಇಂದಿಗೂ ಈ ಶಾಸನದ ಕೀರ್ತಿಯನ್ನು ಹಾಡುವವರು ಕಾಲೇಜುಗಳನ್ನೇ ಹೆಸರಿಸುವರು. ಲೆಕ್ಕವನ್ನು ನೋಡಿದರೆ, ೧೯೫೬ ರ ವೇಳೆಗೆ ಅದರ ಪ್ರಯೋಜನವನ್ನು ಪಡೆದ ೭೮ ಲಕ್ಷ ಮಂದಿಯಲ್ಲಿ ಕಾಲೇಜಿಗೆ ಹೋದವರು ಸುಮಾರು ೨೨ ಲಕ್ಷ. ಅದಕ್ಕಿಂತ ಕೆಳಗಿನ ಶಾಲೆಗಳನ್ನು ಸೇರಿದವರು ಸುಮಾರು ೩೫ ಲಕ್ಷ. ಕಾರ್ಖಾನೆಗಳಲ್ಲಿ ಕೆಲಸ ಮಾಡುತ್ತಲೇ ಕಲಿತವರು ೧೪ ಲಕ್ಷ, ಹೊಲಗಳಲ್ಲಿ ಕಲಿತವರು ೭ ಲಕ್ಷದಷ್ಟು. ಒಟ್ಟು ವೆಚ್ಚ ೧,೪೫೦ ಕೋಟಿ ಡಾಲರುಗಳು.

ಆ ೩೫ ಲಕ್ಷ ಮಂದಿಗೆ ಕಲಿಸಿದವರು ಯಾರು? ಸರ್ಕಾರದ ಹಣವು ಹೊರಟಿತೆಂಬ ಸುದ್ದಿ ಹಬ್ಬಿದೊಡನೆ ಲಾಭಕ್ಕಾಗಿ ನಡೆಯುವ ಶಾಲೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಐದೇ ವರ್ಷಗಳಲ್ಲಿ ಅವುಗಳ ಸಂಖ್ಯೆ ಮೂರು ಪಾಲಾಯಿತು. ರೇಡಿಯೋ ರಿಪೇರಿ, ಗಡಿಯಾರದ ಕೆಲಸ, ಹೊಲಿಗೆ, ವಿಮಾನ ಹಾರಿಸುವುದು, ನೃತ್ಯ ಎಲ್ಲವೂ ಪಾಠ್ಯವಿಷಯಗಳಾದುವು. ವಿದ್ಯಾರ್ಥಿಗಳೆಲ್ಲರೂ ಸೈನಿಕರೇ ಆಗಿರುವ ಶಾಲೆಯಲ್ಲಿ ಶುಲ್ಕವೆಷ್ಟೆಂದು ಚೌಕಾಸಿ ಮಾಡುವವರೇ ಇರಲಿಲ್ಲ. ಕೊಡುವವನು ಸರ್ಕಾರ, ತೆಗೆದುಕೊಳ್ಳುವವನು ಶಾಲೆಯ ಒಡೆಯ. ನಡುವೆ ಕುಳಿತ ಸೈನಿಕನಿಗೆ ತಿಂಗಳ ಭತ್ಯವು ಬರುತ್ತಿದ್ದುದರಿಂದ ಅವನೂ ಸುಮ್ಮನಿದ್ದನು. ಆದರೆ ನಷ್ಟ ಅವನದೇ ಆಗಿತ್ತು. ಕೆಟ್ಟ ಶಾಲೆಯಲ್ಲಿ ಕಳೆದ ಪ್ರತಿಯೊಂದು ತಿಂಗಳೂ ಅವನ ಹಕ್ಕಿನ ಅವಧಿಯಿಂದ ಕಳೆದುಹೋಗುತ್ತಿತ್ತು. ದಕ್ಷಿಣದ ಸಂಸ್ಥಾನಗಳಲ್ಲಿ ಬಿಳಿಯರ ಶಾಲೆಗಳ ಬಾಗಿಲೇ ತೆರೆಯದಿದ್ದ ಕರಿಯ ಸೈನಿಕರಿಗಂತೂ ಆರಿಸಿಕೊಳ್ಳುವ ಅವಕಾಶವೇ ಬಹಳ ಕಡಮೆ.

೧೯೪೮ ರಲ್ಲಿ ಕಾಂಗ್ರೆಸ್ ಸಭೆಯು ವಿನೋದಕ್ಕಾಗಿ ಕಲಿಯುವ ವಿಷಯಗಳಿಗೆ ಹಣ ಕೊಡಕೂಡದೆಂದು ವಿಧಿಸಿತು. ೧೯೫೦ ರಲ್ಲಿ ಟ್ರೂಮನ್ನರು ವಿಚಾರಣೆಯ ವರದಿಯನ್ನು ಕಾಂಗ್ರೆಸ್ಸಿಗೆ ಕಳುಹಿಸಿದರು. ಯುದ್ಧದಲ್ಲಿ ತಾವೇ ಗಾಯಗೊಂಡು ಬಂದಿದ್ದ ಟೆಕ್ಸಾಸಿನ ಪ್ರತಿನಿಧಿ ಆಲಿನ್ ಟೀಗ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಕುಳಿತು ಶಾಲೆಗಳ ಲೆಕ್ಕಪತ್ರಗಳನ್ನು ಶೋಧಿಸಿತು. ಕೊರಿಯಾ ಯುದ್ಧದ ಸೈನಿಕರಿಗಾಗಿ ೧೯೫೨ ರ ಜುಲೈ ತಿಂಗಳಲ್ಲಿ ಹೊರಟ ಹೊಸ ಶಾಸನದಲ್ಲಿ ಈ ಶೋಧನೆಯ ಫಲವನ್ನು ಕಾಣಬಹುದು. ಇನ್ನು ಮುಂದೆ ಹಣವು ಶಾಲೆಗೆ ಹೋಗದೆ ಸೈನಿಕನ ಕೈಗೇ ತಿಂಗಳಿಗೆ ೧೧೦ ಡಾಲರಿನಂತೆ ಬರುವುದು. ಶುಲ್ಕವನ್ನೂ ಊಟವನ್ನೂ ಅವನು ಅದರಲ್ಲಿಯೇ ನಿರ್ವಹಿಸತಕ್ಕದ್ದು. ಶಾಲೆಯು ಸ್ಥಾಪಿತವಾಗಿ ಎರಡು ವರ್ಷವಾದರೂ ಆಗಿರಬೇಕು. ನೂರು ಮಂದಿ ವಿದ್ಯಾರ್ಥಿಗಳಲ್ಲಿ ಸರ್ಕಾರದ ಹಣದಿಂದ ಓದುವವರು ೮೫ ಕ್ಕೆ ಮೀರಕೂಡದು. ಹದಿನೈದು ಮಂದಿಯಾದರೂ ಬೇರೆ ಹಣ ತೆತ್ತು ಬಂದವರಾಗಿರಬೇಕು.

ಈ ಕೊನೆಯ ನಿಯಮದ ಯುಕ್ತಿ ಮೆಚ್ಚತಕ್ಕದ್ದು. ಬಟ್ಟೆಯ ಅಂಗಡಿಗೆ ಹೋದ ಗೃಹಿಣಿಯು ಸ್ವಂತ ಹಣ ಕೊಡುವಾಗ ಸೆರಗನ್ನು ಹಿಡಿದು ನೋಡುವಳು. ಹಾಗೆ ಹಿಡಿದು ನೋಡುವವರು ನೂರಕ್ಕೆ ಹದಿನೈದು ಮಂದಿಯಿದ್ದರೂ ಉಳಿದ ಎಂಬತ್ತೈದು ಮಂದಿಗೆ ರಕ್ಷಣೆಯಾಗುವುದೆಂಬುದೇ ಆ ಶಾಸನಕರ್ತರ ಅಭಿಪ್ರಾಯ.

೧೯೬೨ ರಲ್ಲಿ ಕೆನೆಡಿಯವರ ಕಾಲದಲ್ಲಿ ಯಂತ್ರಗಳಿಂದ ಕೆಲಸ ಕಳೆದುಕೊಂಡವರಿಗೆ ಹೊಸ ಕೆಲಸ ಕಲಿಸಲು ಇನ್ನೊಂದು ಶಾಸನವಾಯಿತು. ಅಂದಿನಿಂದ ಅಲ್ಪಾವಧಿಯ ಶಿಕ್ಷಣದ ಚರಿತ್ರೆಯು ಎರಡು ಕವಲಾಗಿ ಹರಿಯುವುದನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು ಕವಲು ಕಾರ್ಮಿಕ ಇಲಾಖೆಯದು: ನಿರುದ್ಯೋಗಿಯನ್ನು ಸರ್ಕಾರವೇ ಆರಿಸಿ, ಶಿಕ್ಷಣವನ್ನು ಕೊಂಡುಕೊಡುವುದು. ಇನ್ನೊಂದು ಶಿಕ್ಷಣ ಇಲಾಖೆಯದು: ಬಡವಿದ್ಯಾರ್ಥಿ ಯಾವನೇ ಆಗಲಿ, ಅರ್ಜಿ ಹಾಕಿದರೆ ಅವನ ಹೆಸರಿಗೆ ಹಣವನ್ನು ಮಂಜೂರು ಮಾಡುವುದು. ಮೊದಲನೆಯದರ ಹಣ ಮಿತವಾದುದು. ಎರಡನೆಯದು ಬೆಳೆದು ದೊಡ್ಡ ನದಿಯಾಯಿತು.

ಆ ನದಿಯ ಮೂಲವು ೧೯೬೫ ರ ಉನ್ನತ ಶಿಕ್ಷಣ ಶಾಸನ. ಲಿಂಡನ್ ಜಾನ್ಸನ್ನರು ಬಡತನದಲ್ಲಿ ತಾವು ಓದಿದ ಟೆಕ್ಸಾಸಿನ ಸ್ಯಾನ್ ಮಾರ್ಕಸ್ ಊರಿನ ಕಾಲೇಜಿಗೇ ಹೋಗಿ ಅದಕ್ಕೆ ಸಹಿ ಮಾಡಿದರು. ೧೯೭೨ ರ ತಿದ್ದುಪಡಿಯಿಂದ ಬಡವಿದ್ಯಾರ್ಥಿಗೆ ಸಾಲವಲ್ಲದ, ಹಿಂದಕ್ಕೆ ಕೊಡಬೇಕಾಗಿಲ್ಲದ ವೇತನವು ಏರ್ಪಟ್ಟಿತು. ರೋಡ್ ಐಲೆಂಡಿನ ಸೆನೆಟರ್ ಕ್ಲೇಬಾರ್ನ್ ಪೆಲ್ ಅವರು ಇದರ ಪ್ರವರ್ತಕರಾದುದರಿಂದ ೧೯೮೦ ರಲ್ಲಿ ಇದಕ್ಕೆ ಪೆಲ್ ವೇತನವೆಂದು ಹೆಸರಾಯಿತು. ೧೯೭೩-೭೪ ರಲ್ಲಿ ಇದರ ಪರಮಾವಧಿ ೪೫೨ ಡಾಲರು. ೨೦೨೫-೨೬ ನೆಯ ಸಾಲಿಗೆ ೭,೩೯೫ ಡಾಲರು. ಇದು ನಮ್ಮ ವಾರಾನ್ನದ ಮಾರ್ಗವೇ ಸರಿ. ಹಣವು ವಿದ್ಯಾರ್ಥಿಯ ಹಿಂದೆಯೇ ನಡೆಯುವುದು.

ಲಾಭಕ್ಕಾಗಿ ನಡೆಯುವ ವೃತ್ತಿಶಾಲೆಗಳೂ ಈ ವೇತನದ ವ್ಯಾಪ್ತಿಗೆ ಸೇರಿದುವು. ಆದರೆ ಹಿಂದಿನ ಅನುಭವವನ್ನು ಮರೆಯದ ಶಾಸನಕರ್ತರು ಒಂದು ಎಲ್ಲೆಯನ್ನು ಹಾಕಿದರು: ಅಂತಹ ಶಾಲೆಯ ಪಾಠಕ್ರಮವು ಆರು ತಿಂಗಳಿಗೆ ಕಡಮೆಯಾಗಿರಕೂಡದು. ಶಾಲೆಯ ಒಳಹೊಕ್ಕು ಪಾಠದ ಗುಣವನ್ನು ನೋಡುವುದು ಕಷ್ಟ; ಗಡಿಯಾರವನ್ನು ನೋಡುವುದು ಸುಲಭ. ಹೀಗೆ ಗುಣದ ಸ್ಥಾನದಲ್ಲಿ ಕಾಲವು ಬಂದು ಕುಳಿತಿತು.

೧೯೮೦ ರ ದಶಕದಲ್ಲಿ ಹಳೆಯ ಕಥೆಯೇ ಮರುಕಳಿಸಿತು. ಈ ಬಾರಿ ವೇತನದೊಡನೆ ಸಾಲವೂ ಸೇರಿಕೊಂಡುದರಿಂದ ಪೆಟ್ಟು ಹಿಂದಿಗಿಂತ ಬಲವಾಯಿತು. ಸೈನಿಕನು ಕಳೆದುಕೊಂಡುದು ಕಾಲವನ್ನು. ಈ ವಿದ್ಯಾರ್ಥಿಗಳು ಕಾಲವನ್ನೂ ಕಳೆದುಕೊಂಡು ಋಣವನ್ನೂ ಹೊತ್ತರು. ಶಾಲೆ ಮುಚ್ಚಿಹೋದರೂ ಸಾಲ ಮುಚ್ಚಲಿಲ್ಲ. ೧೯೯೦ ರ ತಂಡದ ಸಾಲಗಾರರಲ್ಲಿ ನೂರಕ್ಕೆ ೨೨ ಕ್ಕೂ ಹೆಚ್ಚು ಮಂದಿ ಸಾಲವನ್ನು ತೀರಿಸಲಾರದೆ ತಪ್ಪಿಬಿದ್ದರು. ಜಾರ್ಜಿಯಾದ ಸೆನೆಟರ್ ಸ್ಯಾಮ್ ನನ್ ಅವರ ಸಮಿತಿಯು ೧೯೯೦ ರಲ್ಲಿ ವಿಚಾರಣೆ ನಡೆಸಿ ಮರುವರ್ಷ ವರದಿಯನ್ನೊಪ್ಪಿಸಿತು. ಅದರ ಮೇಲೆ ೧೯೯೨ ರ ತಿದ್ದುಪಡಿಯಾಯಿತು. ಸೈನಿಕರ ಕಾಲದ ೮೫ ರ ನಿಯಮವನ್ನು ಹೋಲುವ ಇನ್ನೊಂದು ನಿಯಮವು, ಈ ಬಾರಿ ವಿದ್ಯಾರ್ಥಿಗಳ ಸಂಖ್ಯೆಗೆ ಬದಲಾಗಿ ಶಾಲೆಯ ವರಮಾನವನ್ನು ಹಿಡಿದು, ಕಾಣಿಸಿಕೊಂಡಿತು. ಪೆಲ್ ವೇತನಕ್ಕೆ ೧೫ ವಾರಗಳೂ ೬೦೦ ಗಂಟೆಗಳೂ ಕನಿಷ್ಠ ಅವಧಿಯೆಂದು ಶಾಸನದಲ್ಲಿಯೇ ಸ್ಥಿರಪಟ್ಟಿತು.

ಈ ಆರುನೂರು ಗಂಟೆಗಳ ಎಲ್ಲೆಯು ಮಾಡಿದ ಕೆಲಸವನ್ನು ವಿವೇಚಿಸಬೇಕು. ಮುನ್ನೂರರಿಂದ ಆರುನೂರು ಗಂಟೆಗಳ ನಡುವಣ ಪಾಠಕ್ರಮಕ್ಕೆ, ಸೇರಿದವರಲ್ಲಿ ನೂರಕ್ಕೆ ೭೦ ಮಂದಿ ಪೂರೈಸಿದರೆ, ಪೂರೈಸಿದವರಲ್ಲಿ ೭೦ ಮಂದಿಗೆ ಕೆಲಸ ಸಿಕ್ಕಿದರೆ, ಸರ್ಕಾರದ ಸಾಲ ದೊರೆಯಬಹುದು. ವೇತನವು ಮಾತ್ರ ದೊರೆಯದು. ಎಂದರೆ, ಚೆನ್ನಾಗಿ ನಡೆಯುವುದೆಂದು ಸರ್ಕಾರವೇ ಒಪ್ಪಿದ ಶಿಕ್ಷಣಕ್ಕೂ ಬಡವನು ಸಾಲವನ್ನೇ ಮಾಡಬೇಕು. ಇತ್ತ ಹಲವು ಸಂಸ್ಥಾನಗಳು ಕೇಶಾಲಂಕಾರದ ವೃತ್ತಿಗೆ ಸಾವಿರಕ್ಕೂ ಮೀರಿದ ಗಂಟೆಗಳ ಶಿಕ್ಷಣವನ್ನು ವಿಧಿಸಿದ್ದುದರಿಂದ ಆ ಶಾಲೆಗಳಿಗೆ ಪೆಲ್ ವೇತನವು ಧಾರಾಳವಾಗಿ ಹರಿಯಿತು. ಮುದುಕರನ್ನೂ ರೋಗಿಗಳನ್ನೂ ಎತ್ತಿ ಮಲಗಿಸಿ ಆರೈಕೆ ಮಾಡುವ ಶುಶ್ರೂಷಾ ಸಹಾಯಕಿಯ ಶಿಕ್ಷಣಕ್ಕೆ ಕೇಂದ್ರ ಶಾಸನವು ೧೯೮೭ ರಲ್ಲಿ ವಿಧಿಸಿದ ಕನಿಷ್ಠ ಅವಧಿ ೭೫ ಗಂಟೆಗಳು. ಹೆಚ್ಚಿಗೆ ಕೇಳುವ ಸಂಸ್ಥಾನಗಳಲ್ಲಿಯೂ ಅದು ಆರುನೂರರ ಹತ್ತಿರ ಸುಳಿಯದು. ಆ ವೃತ್ತಿಗೆ ಹೋಗುವವರು ಬಹುಮಟ್ಟಿಗೆ ಬಡಹೆಂಗಸರು. ವೇತನವು ಅವರಿಗಿಲ್ಲ.

ಎಲ್ಲೆಯ ಇನ್ನೊಂದು ಪರಿಣಾಮವೂ ಉಂಟು. ಮುನ್ನೂರು ಗಂಟೆಗಳಲ್ಲಿ ಮುಗಿಯಬಹುದಾದ ಪಾಠವನ್ನು ಕೆಲವು ಶಾಲೆಗಳು ಆರುನೂರಕ್ಕೆ ಎಳೆದುವು. ವೃತ್ತಿಗೆ ಬೇಕಿಲ್ಲದಿದ್ದರೂ ವೇತನಕ್ಕೆ ಬೇಕಾಗಿತ್ತು! ಸೂಜಿಯನ್ನು ಕೇಳಿ ಬಂದವನಿಗೆ ಕಡಾಯಿಯ ತೂಕದ ಸೂಜಿಯನ್ನು ಕೊಟ್ಟಂತಾಯಿತು. ಹಣ ಬಂದಲ್ಲಿ ಶುಲ್ಕವೂ ಏರಿತು. ಸ್ಟೆಫನಿ ಸೆಲ್ಲಿನಿ ಮತ್ತು ಮುಂದೆ ೨೦೨೩ ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಕ್ಲಾಡಿಯಾ ಗೋಲ್ಡಿನ್ ಎಂಬ ಅರ್ಥಶಾಸ್ತ್ರಜ್ಞೆಯರು ೨೦೧೪ ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಲಾಭದ ಶಾಲೆಗಳ ಪೈಕಿ ಸರ್ಕಾರದ ಸಹಾಯಕ್ಕೆ ಅರ್ಹವಾದುವು ಅಂತಹುದೇ ಪಾಠವನ್ನು ಹೇಳುವ ಅನರ್ಹ ಶಾಲೆಗಳಿಗಿಂತ ಸುಮಾರು ಮುಕ್ಕಾಲು ಪಾಲು ಹೆಚ್ಚು ಶುಲ್ಕವನ್ನು ತೆಗೆದುಕೊಳ್ಳುವುದನ್ನು ತೋರಿಸಿದರು.

ಕಾಲದ ಅಳತೆಯು ಹೀಗಾದರೆ ಫಲದ ಅಳತೆಯನ್ನು ಹಿಡಿಯಬಾರದೇಕೆ? ಕಾರ್ಮಿಕ ಇಲಾಖೆಯ ಕವಲಿನಲ್ಲಿ ಅದನ್ನೂ ನೋಡಿಯಾಗಿತ್ತು. ರೇಗನ್ನರ ಕಾಲದ ೧೯೮೨ ರ ಶಾಸನವು, ಕಲಿತವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಕೂಲಿ ಬಂತು ಎಂಬುದರ ಮೇಲೆ ಶಿಕ್ಷಣ ನಡೆಸುವವರನ್ನು ಅಳೆಯಿತು. ಸುಲಭವಾಗಿ ಕೆಲಸ ಸಿಕ್ಕುವಂತಹವರನ್ನೇ ಆರಿಸಿ ಸೇರಿಸಿಕೊಳ್ಳುವ ಆಸೆಯು ಆಗ ಹುಟ್ಟಿತು. ಹಾಲಿನ ಮೇಲಣ ಕೆನೆಯನ್ನು ತೆಗೆಯುವುದೆಂದು ಅಲ್ಲಿಯ ಪರೀಕ್ಷಕರೇ ಇದನ್ನು ಕರೆದರು. ನೆರವು ಯಾರಿಗೆ ಅತ್ಯಗತ್ಯವೋ ಅವರೇ ಹಿಂದುಳಿಯುವ ಸಂಭವ ಒದಗಿತು. ೧೯೯೮ ರ ಶಾಸನದಿಂದ ನಿರುದ್ಯೋಗಿಗೆ ಪ್ರತ್ಯೇಕವಾದ ಶಿಕ್ಷಣಖಾತೆಯನ್ನು ತೆರೆದು, ಒಪ್ಪಿಗೆಯಾದ ಶಾಲೆಗಳ ಪಟ್ಟಿಯಿಂದ ಅವನೇ ಆರಿಸಿಕೊಳ್ಳುವಂತೆ ಮಾಡಿದರು. ೨೦೧೪ ರ ಶಾಸನವೂ ಇದೇ ಪದ್ಧತಿಯನ್ನು ಮುಂದುವರಿಸಿತು.

ಇಷ್ಟಾದಮೇಲೆ ಪೆಲ್ ವೇತನದ ಎಲ್ಲೆಯನ್ನು ಸಡಿಲಿಸಬೇಕೆಂಬ ಕೂಗು ಎದ್ದಿತು. ಶಿಕ್ಷಣ ಇಲಾಖೆಯು ೨೦೧೧ ರಲ್ಲಿ ಒಂದು ಪ್ರಯೋಗವನ್ನು ಘೋಷಿಸಿ, ಎಂಟು ವಾರ, ೧೫೦ ಗಂಟೆಗಳ ಪಾಠಕ್ರಮಗಳಿಗೂ ಕೆಲವೆಡೆ ವೇತನವನ್ನು ಕೊಟ್ಟು ನೋಡಿತು. ೨೦೨೦ ರಲ್ಲಿ ಹೊರಬಿದ್ದ ಫಲವೇನೆಂದರೆ, ವೇತನದ ಅವಕಾಶವನ್ನು ಪಡೆದವರಲ್ಲಿ ಪಾಠಕ್ಕೆ ಸೇರಿದವರು ನೂರಕ್ಕೆ ಸುಮಾರು ೧೫ ರಷ್ಟೂ, ಪೂರೈಸಿದವರು ಸುಮಾರು ೯ ರಷ್ಟೂ ಹೆಚ್ಚಾದರು. ಹಣವಿಲ್ಲದುದರಿಂದಲೇ ಹೊರಗುಳಿದವರು ಇದ್ದರೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಡ. ಆದರೆ ಅವರ ಮುಂದಣ ಸಂಪಾದನೆಯನ್ನು ಹಿಡಿದು ನೋಡಿದಾಗ ಹೇಳಿಕೊಳ್ಳತಕ್ಕ ವೃದ್ಧಿ ಕಾಣಲಿಲ್ಲ. ಎರಡು ಪಕ್ಷದವರಿಗೂ ಈ ಪ್ರಯೋಗದಲ್ಲಿ ಸಾಕ್ಷ್ಯ ದೊರೆಯಿತು.

ಕಡೆಗೆ ೨೦೨೫ ರ ಜುಲೈ ೪ ರಂದು ಟ್ರಂಪ್ ಅವರು ಸಹಿ ಮಾಡಿದ ಮಹಾಶಾಸನವೊಂದರ ಒಳಗೆ ಎಲ್ಲೆಯು ಕದಲಿತು. ೨೦೨೬ ರ ಜುಲೈ ೧ ನ್ನು ಆರಂಭದ ದಿನವೆಂದು ಗೊತ್ತುಮಾಡಿದ ಈ ವಿಧಿಯ ಪ್ರಕಾರ, ಎಂಟು ವಾರಗಳಿಗೆ ಕಡಮೆಯಿಲ್ಲದೆ ಹದಿನೈದು ವಾರಗಳೊಳಗೆ ಮುಗಿಯುವ, ೧೫೦ ರಿಂದ ೫೯೯ ಗಂಟೆಗಳ ಪಾಠಕ್ರಮಕ್ಕೂ ಪೆಲ್ ವೇತನವು ಅವಧಿಗೆ ತಕ್ಕ ಪ್ರಮಾಣದಲ್ಲಿ ದೊರೆಯುವುದು. ಅದರ ಷರತ್ತುಗಳನ್ನು ಓದುವಾಗ ಹಿಂದಿನ ಚರಿತ್ರೆಯೆಲ್ಲ ಕಣ್ಣಿಗೆ ಕಟ್ಟುವುದು. ಪಾಠಕ್ರಮವು ನಡೆದು ಒಂದು ವರ್ಷವಾದರೂ ಆಗಿರಬೇಕು: ಇದು ಅಣಬೆಯಂತೆ ಎದ್ದ ಶಾಲೆಗಳ ನೆನಪು. ನೂರಕ್ಕೆ ೭೦ ಮಂದಿ ಪೂರೈಸಬೇಕು, ಪೂರೈಸಿದವರಲ್ಲಿ ೭೦ ಮಂದಿಗೆ ೧೮೦ ದಿನಗಳೊಳಗೆ ಕೆಲಸ ಸಿಕ್ಕಿರಬೇಕು: ಇದು ೧೯೯೨ ರ ಮಾತು. ಆ ಉದ್ಯೋಗಕ್ಕೆ ತಮ್ಮ ನಾಡಿನಲ್ಲಿ ಬೇಡಿಕೆಯಿದೆಯೆಂದು ಸಂಸ್ಥಾನದ ಗವರ್ನರು ಒಪ್ಪಬೇಕು. ಕಲಿತವರ ನಡುಮಟ್ಟದ ಸಂಪಾದನೆಯು ಬಡತನದ ರೇಖೆಯ ಒಂದೂವರೆ ಪಾಲನ್ನು ಎಷ್ಟು ಮೀರುವುದೋ ಅದಕ್ಕಿಂತ ಶುಲ್ಕವು ಹೆಚ್ಚಾಗಕೂಡದು: ಇದೊಂದು ಹೊಸ ಅಳತೆ.

ಎಲ್ಲೆಯು ಕದಲಿತಲ್ಲದೆ ಅಳಿಯಲಿಲ್ಲ. ೭೫ ಗಂಟೆಗಳಲ್ಲಿ ಮುಗಿಯುವ ಶುಶ್ರೂಷಾ ಶಿಕ್ಷಣವು ಇನ್ನೂ ೧೫೦ ರ ಕೆಳಗೇ ಇರುವುದು. ನಾಲ್ಕೈದು ವಾರಗಳಲ್ಲಿ ಹಗಲೆಲ್ಲ ಕಲಿಸಿ ಮುಗಿಸುವ ಲಾರಿಚಾಲನೆಯ ಶಿಕ್ಷಣವು ಎಂಟು ವಾರಗಳಿಗೆ ಮುಟ್ಟದು. ಪಾಠವನ್ನು ಎಳೆಯುವ ಹಳೆಯ ಚಪಲವು ಇಲ್ಲಿಯೂ ತಲೆಯೆತ್ತಬಹುದು. ೭೦ ರ ಲೆಕ್ಕವನ್ನು ಮುಟ್ಟಲು ಕೆನೆ ತೆಗೆಯುವ ಚಪಲವೂ ಅದರ ಜೊತೆಗೆ ಸೇರಬಹುದು.

ಹಾಗಾದರೆ ಸೂಜಿಯ ಕೆಲಸಕ್ಕೆ ರಾಜ್ಯವು ಹಣ ಕೊಡಲೇಕೂಡದೇ? ಈ ಚರಿತ್ರೆಯನ್ನು ಓದಿ ಹಾಗೆಂದು ನಿರ್ಣಯಿಸಿದರೆ ಅನ್ಯಾಯವಾಗುವುದು. ೧೯೪೪ ರಿಂದ ಈಚೆಗೆ ವಂಚಿಸಿದವರು ಶಾಲೆಯ ಒಡೆಯರು. ಪ್ರತಿಸಾರಿಯೂ ಕಟ್ಟಿದ ಬೇಲಿಯ ಹೊರಗೆ ಉಳಿದವರು ಮಾತ್ರ ವಿದ್ಯಾರ್ಥಿಗಳು. ಅಳತೆಗೋಲುಗಳೆಲ್ಲವೂ ದೂರದಲ್ಲಿ ಕುಳಿತು ಕಾಗದವನ್ನು ನೋಡಿ ತೀರ್ಮಾನಿಸುವವರ ಉಪಕರಣಗಳು. ಗಂಟೆಯಾದರೆ ಎಳೆಯಬಹುದು, ಫಲವಾದರೆ ಆರಿಸಬಹುದು. ಹತ್ತಿರ ಹೋಗಿ ಪಾಠವನ್ನು ಕೇಳಿ, ಕಲಿತವನ ಕೈಕೆಲಸವನ್ನು ಕಂಡು, ಅವನಿಗೆ ಕೆಲಸ ಕೊಟ್ಟವನನ್ನು ವಿಚಾರಿಸುವ ಇನ್ಸ್‌ಪೆಕ್ಟರನ ಸ್ಥಾನವನ್ನು ಯಾವ ಅಂಕಿಯೂ ತುಂಬಲಾರದು. ಅಂತಹವನಿಗೆ ಸಂಬಳ ಕೊಡುವುದಕ್ಕೆ ರಾಜ್ಯಗಳು ಹಿಂದೆಗೆಯುವುವು. ಆ ಉಳಿತಾಯದ ಬೆಲೆಯನ್ನು ತೆರುವವನು ವಿದ್ಯಾರ್ಥಿ. ಕೆಟ್ಟ ಶಾಲೆಗೆ ಕೊಟ್ಟ ಹಣವು ಬೊಕ್ಕಸಕ್ಕೆ ಇನ್ನೊಂದು ವರ್ಷ ತುಂಬಿಬರುವುದು. ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಟ್ಟು ಬಂದು ಹನ್ನೆರಡು ವಾರ ಕುಳಿತ ತಾಯಿಗೆ ಆ ಹನ್ನೆರಡು ವಾರಗಳು ಮರಳಿ ಬಾರವು.

ನ್ಯಾಯದಲ್ಲಿ ಬರುವ ಕಮ್ಮಾರನು ಸೂಜಿಯನ್ನು ಮೊದಲು ಮಾಡಿಕೊಟ್ಟುದು ಅದು ಸಣ್ಣದೆಂಬ ಉದಾಸೀನದಿಂದಲ್ಲ. ಅದನ್ನೂ ಕಾಯಿಸಿ, ಬಡಿದು, ಮೊನೆಮಾಡಿ, ಕಣ್ಣು ತೆಗೆದೇ ಕೊಟ್ಟಿರಬೇಕು. ಕಣ್ಣಿಲ್ಲದ ಸೂಜಿಯನ್ನು ಬೇಗನೆ ಕೊಟ್ಟು ಕಳುಹಿಸಿದ್ದರೆ, ಕೇಳಿ ಬಂದವನು ಮನೆಗೆ ಹೋಗಿ ಹರಿದ ಬಟ್ಟೆಯ ಮುಂದೆ ಕುಳಿತಾಗ ಅವನ ಗತಿಯೇನು?